‘ಬಿಡುವಾದಾಗ’ ಎಂಬ ಫೋಲ್ಡರು

ಲೈಬ್ರರಿ ಮೇಡಂಗೆ ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು ಬಿಟ್ಟರೆ ಏನು ಕೆಲಸ ಎಂಬುದು ಆ ಶಾಲೆಯ ಸಿಬ್ಬಂದಿಯೆಲ್ಲರ ಒಮ್ಮತದ ಅಭಿಪ್ರಾಯ. ಹಾಗಾಗಿ ಪ್ರಿಂಟರ್ ಕೆಟ್ಟರೆ ಅವರು, ಪ್ರೊಜೆಕ್ಟರ್ ಮುನಿಸಿಕೊಂಡರೂ ಅವರೇ. ಈ ಸಲ ಹೆಡ್‌ಮಿಸ್ಸು, “ನಮ್ಮೋರಿಗೆ ಮೇಲ್ ತೆಗೆಯೋದು, ಮುಚ್ಚೋದು ಅಷ್ಟೇ ಗೊತ್ತು. ಅದರಲ್ಲಿ ಇನ್ನೂ ಏನೇನೋ ಇದ್ಯಂತಲ್ಲ, ಸ್ವಲ್ಪ ಹೇಳ್ಕೊಡಮ್ಮ” ಎಂದು ಅದನ್ನೂ ಅವರ ತಲೆಗೇ ಕಟ್ಟಿದರು.

ಸೋಮವಾರ ಸಂಜೆ ಮೇಡಂ ಸೇರಿ ಇಪ್ಪತ್ತಮೂರು ಮಂದಿ ಕಂಪ್ಯೂಟರ್ ಕೋಣೆಯಲ್ಲಿ ಕೂತರು. ಕಳಿಸಿದ ಮೇಲನ್ನು ಅರ್ಧ ನಿಮಿಷದೊಳಗೆ ಹಿಂದಕ್ಕೆ ಎಳೆದುಕೊಳ್ಳಬಹುದು ಎಂದಾಗ ಗಣಿತದ ಮೇಷ್ಟ್ರು, “ಅಯ್ಯೋ, ಇದು ಮೊದಲೇ ಗೊತ್ತಿದ್ದಿದ್ರೆ!” ಎಂದು ಹಣೆ ಚಚ್ಚಿಕೊಂಡರು. ಆಮೇಲೆ ಫಿಲ್ಟರ್ ಬಂತು. ಇಂಥವರ ಮೇಲ್ ಇಂಥಲ್ಲಿಗೆ ಹೋಗಲಿ ಎಂದು ಒಮ್ಮೆ ಹೇಳಿಟ್ಟರೆ ಸಾಕು, ಅದು ಇನ್‌ಬಾಕ್ಸಿನ ಕಡೆ ತಲೆಯೂ ಹಾಕದೆ ನೇರ ಆ ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ. ಉದಾಹರಣೆಗೆ ಯಾರ ವಿಳಾಸ ಹಾಕಲಿ?

“ಮೇಲಮ್ಮಂದು ಹಾಕಿ!” ಎಂದರು ಹಿಂದಿನ ಸಾಲಿನವರು.

ಮೇಲಮ್ಮ ಎಂದರೆ ಮೂರನೇ ಕ್ಲಾಸಿನ ಒಬ್ಬ ಹುಡುಗಿಯ ತಾಯಿ. ದಿನಕ್ಕೆ ಮೂರೋ ನಾಲ್ಕೋ ಮೇಲ್, ಅದೂ ಎಲ್ಲ ಇಪ್ಪತ್ತಮೂರು ಮಂದಿಗೂ. ಮಗಳು ನೀರು ಕುಡಿದಳಾ? ಸ್ವೆಟರ್ ಹಾಕಿಕೊಂಡಳಾ? ಮೇಡಂ ಕೂಡ ನಗುತ್ತಲೇ ಆ ವಿಳಾಸ ಬರೆದರು. ‘ಓದಿದ್ದಾಗಿದೆ ಎಂದು ಗುರುತಿಸು’ ಎಂಬಲ್ಲಿ ಟಿಕ್ ಹಾಕಿದರು. ಫೋಲ್ಡರಿಗೆ ‘ಬಿಡುವಾದಾಗ’ ಎಂದು ಹೆಸರಿಟ್ಟರು. ಕೋಣೆ ಗೊಳ್ಳೆಂದಿತು. ಮನೆಗೆ ಹೋಗುವ ಮೊದಲು ಆ ಫಿಲ್ಟರ್ ಅಳಿಸಿದರಾಯಿತು ಎಂದು ಮೇಡಂ ಅಂದುಕೊಂಡರು, ಮರೆತೇಬಿಟ್ಟರು.

ಶುಕ್ರವಾರ ಶಾಲೆಯ ಆಟೋಟ. ಹೆಚ್ಚಿನವರು ಮೈದಾನದಲ್ಲಿದ್ದಾಗ ಮೇಡಂ ಒಬ್ಬರೇ ಲೈಬ್ರರಿಯಲ್ಲಿ ಕಂಪ್ಯೂಟರ್ ಕೋಣೆಯ ಮುಂದಿನ ಪಾಠಕ್ಕೆ ಟಿಪ್ಪಣಿ ಮಾಡುತ್ತಿದ್ದರು. ಫಿಲ್ಟರಿನ ಪಟ್ಟಿ ತೆಗೆದರೆ ಸೋಮವಾರದ್ದು ಇನ್ನೂ ಹಾಗೇ ಇದೆ! ಫೋಲ್ಡರ್ ಒತ್ತಿದರು. ಹದಿಮೂರು ಮೇಲ್. ಇವತ್ತಿನವೇ ಮೂರು.

ಬೆಳಿಗ್ಗೆ ಎಂಟು ಹತ್ತು: “ನಿನ್ನೆ ಮಗಳಿಗೆ ಎದೆಯ ಪರೀಕ್ಷೆ ಮಾಡಿಸಿದ್ವಿ. ವರದಿ ಬರೋವರೆಗೂ ದಯವಿಟ್ಟು ಓಡಿಸ್ಬೇಡಿ.”

ಹತ್ತೂವರೆ: “ಆಫೀಸಿಗೆ ಫೋನ್ ಮಾಡಿದ್ದೆ. ಮೇಲ್ ಮಾಡಿ ಅಂದ್ರು. ನಾನು ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡೋದು, ಫೋನ್ ಲಾಕರಿನಲ್ಲಿರುತ್ತೆ, ಬ್ರೇಕಿನಲ್ಲಿ ಮಾತ್ರ ಕೈಗೆ ಸಿಗುತ್ತೆ.”

ಒಂದು ಹತ್ತು: “ವರದಿ ಬಂತು. ಹೃದಯದಲ್ಲಿ ತೊಂದರೆ ಇದೆಯಂತೆ. ಓಡಿಸ್ಲೇಬೇಡಿ. ನೋಡಿದೀವಿ ಅಂತ ಯಾರಾದ್ರೂ ಒಂದು ಸಾಲು ಬರೀರಿ.”

ಗೋಡೆಯ ಗಡಿಯಾರದಲ್ಲಿ ಎರಡು ಮೂವತ್ತೈದು. ಎರಡು ನಲವತ್ತಕ್ಕೆ ಮೂರನೇ ಕ್ಲಾಸಿನ ಓಟ.

ತಾನು ನೋಡದಿದ್ದರೇನು, ಉಳಿದ ಇಪ್ಪತ್ತೆರಡು ಮಂದಿ ನೋಡಿರುತ್ತಾರೆ ಎಂದು ಮನಸ್ಸು ಸಮಾಧಾನ ಹೇಳಿತು. ಕಾಲು ಕೇಳಲಿಲ್ಲ. ಮೆಟ್ಟಿಲ ಪಕ್ಕದ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಪೇಪರ್ ತಿದ್ದುತ್ತಿದ್ದರು.

“ಮೇಲಮ್ಮನ ಮೇಲ್ ನೋಡಿದ್ರಾ ಸಾರ್?”

“ಸೋಮವಾರದಿಂದ ಬಂದೇ ಇಲ್ವಲ್ಲ, ನೆಮ್ಮದಿಯಾಗಿದೀನಿ” ಎಂದರು ಮೇಷ್ಟ್ರು. “ನೀವೇ ಹೇಳ್ಕೊಟ್ರಲ್ಲ! ಎಲ್ಲರೂ ಹಾಗೇ ಇಳಿಸ್ಕೊಂಡ್ವಿ. ಅದೇ ವಿಳಾಸ, ಅದೇ ಟಿಕ್, ಅದೇ ಹೆಸರು.”

ಇಡೀ ಜೀವಮಾನ ಮಕ್ಕಳಿಗೆ ‘ಬೋರ್ಡಿನ ಮೇಲಿದ್ದದ್ದನ್ನು ಒಂದಕ್ಷರ ತಪ್ಪದೆ ಬರೆದುಕೊಳ್ಳಿ’ ಎಂದವರಲ್ಲವೇ? ಬರೆದುಕೊಂಡಿದ್ದರು, ಪುಣ್ಯಾತ್ಮರು, ಒಂದಕ್ಷರ ತಪ್ಪದೆ.

ಮೇಡಂ ಪೀಟಿ ಮೇಷ್ಟ್ರಿಗೆ ಫೋನ್ ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಎರಡು ಮಹಡಿ ಇಳಿಯಬೇಕು, ಮೊಣಕಾಲು ಮೊದಲೇ ಮಾತು ಕೇಳುವುದಿಲ್ಲ. ಕಂಬಿ ಹಿಡಿದು ದಡದಡ ಇಳಿದರು. ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು. ಅದು ಹಾಳಾಗಿ ಹೋಗಲಿ! ಮೈದಾನದಲ್ಲಿ ಮೈಕು ಕಿವಿ ಕಿತ್ತುಹೋಗುವಂತೆ ಹಾಡುತ್ತಿತ್ತು. “ನಿಲ್ಲಿಸಿ!” ಎಂದು ಕೂಗಿದ್ದು ಅವರಿಗೇ ಕೇಳಿಸಲಿಲ್ಲ. ಸುಣ್ಣದ ಗೆರೆಯ ಮೇಲೆ ಎಂಟು ಮಕ್ಕಳು, ಕೊನೆಯವಳು ಅವಳೇ. ಪೀಟಿ ಮೇಷ್ಟ್ರ ಬಾಯಲ್ಲಿ ಸೀಟಿ.

ಸೀಟಿ ಮೊಳಗಿತು.

ಮೇಡಂ ಅಡ್ಡ ನುಗ್ಗಿದರು. ಹುಡುಗಿ ನಾಲ್ಕೈದು ಹೆಜ್ಜೆ ಇಟ್ಟಿದ್ದಳು, ಅಷ್ಟರಲ್ಲಿ ಇವರ ತೋಳಿಗೆ ಬಂದು ಬಿದ್ದಳು. ಇಬ್ಬರೂ ಮಣ್ಣಿನಲ್ಲಿ ಕೂತರು. ಅಂಗೈ ಕೆಳಗೆ ಆ ಪುಟ್ಟ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಓಡಿದ್ದಕ್ಕೋ, ಬೆಚ್ಚಿದ್ದಕ್ಕೋ, ಮೇಡಂಗೆ ತಿಳಿಯಲಿಲ್ಲ. ಇಷ್ಟು ಹೆದರಿಕೆ ಅವರು ಹುಟ್ಟಿದಾಗಿನಿಂದ ಪಟ್ಟಿರಲಿಲ್ಲ.

ಹುಡುಗಿ ಮುಖ ಎತ್ತಿ ಕೇಳಿದಳು: “ಅಮ್ಮನ ಮೇಲ್ ಬಂತಾ ಮಿಸ್?”

ಪೀಟಿ ಮೇಷ್ಟ್ರು ಓಡಿಬಂದರು. “ಓಡಬಾರ್ದು ಅಂತ ಅಮ್ಮ ಮೇಲ್ ಮಾಡಿದಾಳೆ ಅಂದ್ಲು ಮೇಡಂ. ನಾನೇ ಫೋನ್ ತೆಗ್ದು ನೋಡ್ದೆ, ಏನೂ ಇರ್ಲಿಲ್ಲ. ಭಯಕ್ಕೆ ನೆಪ ಹೇಳ್ತಿದಾಳೆ ಅಂದ್ಕೊಂಡು ನಾನೇ ಧೈರ್ಯ ಹೇಳಿ ನಿಲ್ಲಿಸ್ದೆ...”

“ಬಂದಿತ್ತು ಕಂದ. ಬೆಳಿಗ್ಗೆನೇ ಬಂದಿತ್ತು” ಎಂದರು ಮೇಡಂ.

ಹುಡುಗಿಯನ್ನು ಲೈಬ್ರರಿಗೆ ಕರೆತಂದು, ನೀರು ಕುಡಿಸಿ, ಚಿತ್ರದ ಪುಸ್ತಕ ಕೊಟ್ಟು ಕೂರಿಸಿದರು. ಶಾಲೆಯ ನರ್ಸು ಪಕ್ಕದಲ್ಲೇ ಕೂತರು. ಮೇಡಂ ತಾಯಿಗೆ ಬರೆದರು: “ಮಗಳು ಕ್ಷೇಮ, ಓಡಲಿಲ್ಲ. ನೆಟ್‌ವರ್ಕ್ ತೊಂದರೆಯಿಂದ ನಿಮ್ಮ ಮೇಲ್ ತಡವಾಗಿ ಸಿಕ್ಕಿತು.” ಕಳಿಸಿದರು. ಹಿಂದಕ್ಕೆ ಎಳೆದುಕೊಳ್ಳುವ ಅರ್ಧ ನಿಮಿಷ ಪರದೆಯ ಮೂಲೆಯಲ್ಲಿ ಕರಗತೊಡಗಿತು. ನಾಚಿಕೆಯಾಗಬೇಡವೇ? ಥಟ್ಟನೆ ಎಳೆದುಕೊಂಡರು. ಮತ್ತೆ ಬರೆದರು: “ನಾಲ್ಕೈದು ಹೆಜ್ಜೆ ಓಡಿಬಿಟ್ಟಳು, ಅಷ್ಟರಲ್ಲಿ ಹಿಡಿದೆ. ಈಗ ನರ್ಸ್ ಜೊತೆ ಕೂತಿದ್ದಾಳೆ. ನಿಮ್ಮ ಮೇಲ್‌ಗಳನ್ನು ಓದದೆ ಪಕ್ಕಕ್ಕೆ ಸರಿಸುವುದನ್ನು ಎಲ್ಲರಿಗೂ ಕಲಿಸಿದವಳು ನಾನೇ. ತಪ್ಪು ನನ್ನದು.”

ಅರ್ಧ ನಿಮಿಷ ಕಳೆಯಿತು. ಹೋಯಿತು.

ತಾಯಿಯ ಬ್ರೇಕು ಮೂರೂವರೆಗೆ. ಉತ್ತರ ಬಂದದ್ದು ಮೂರು ಮೂವತ್ತನಾಲ್ಕಕ್ಕೆ.

“ರಜೆ ಕೇಳಿ ಹೊರಟಿದೀನಿ. ಸಿಟ್ಟು ಬಂತು ಮೇಡಂ, ತುಂಬಾ ಬಂತು. ಆದ್ರೂ ಒಂದು ಹೇಳ್ತೀನಿ. ಎರಡು ವರ್ಷದಿಂದ ಬರೀತಿದೀನಿ, ಶಾಲೆಯಿಂದ ಬಂದ ಮೊದಲನೇ ಉತ್ತರ ಇದು. ಮೊದಮೊದಲು ಕ್ಲಾಸ್ ಮಿಸ್‌ಗೆ ಮಾತ್ರ ಬರೀತಿದ್ದೆ. ಯಾರೂ ಏನೂ ಹೇಳ್ಲಿಲ್ಲ, ಅದಕ್ಕೇ ಎಲ್ಲರಿಗೂ ಕಳಿಸೋಕೆ ಶುರು ಮಾಡ್ದೆ. ಒಬ್ಬರಾದ್ರೂ ನೋಡ್ಲಿ ಅಂತ.”

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಹಳೆಯ ಮೇಲ್‌ಗಳನ್ನು ತೆಗೆದು, ಎರಡು ವರ್ಷ ಹಿಂದಿನ ಮೊದಲನೆಯದರಿಂದ ಓದಲು ಶುರುಮಾಡಿದರು.