ಗುಡ್ಡದ ನೀರಿಗಾಗಿ ಎದ್ದು ನಿಂತ ಕಿನ್ನಿ

ಲೋಕಯ್ಯನ ಮನೆಗೆ ನೀರು ಬರುವುದು ಹಿಂದಿನ ಗುಡ್ಡದಲ್ಲಿ ಅವನ ಅಜ್ಜ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗದಿಂದ. ಎಂಥ ಬೇಸಗೆಯಲ್ಲೂ ಅದು ಬತ್ತಿದ್ದಿಲ್ಲ. ಈ ವರ್ಷ ಮಾರ್ಚಿನಲ್ಲೇ ಕೊಡಕ್ಕೆ ಕೆಂಪು ಕೆಸರು ಬಂತು. ಗುಡ್ಡದ ನೆತ್ತಿಯಲ್ಲಿ ಕಲ್ಲಿನ ಕೋರೆ. ಅಲ್ಲಿ ಬಂಡೆ ಸಿಡಿಸಿದಾಗೆಲ್ಲ ಇಲ್ಲಿ ಗೋಡೆ ನಡುಗುತ್ತಿತ್ತು.

ಪಕ್ಕದ ಮನೆಯ ಕಿನ್ನಿ ಬೇಲಿಯ ಹತ್ತಿರ ಬಂದಳು. ಬೀಡಿ ಕಟ್ಟಿ ಸಂಸಾರ ನಡೆಸುವ ಹೆಂಗಸು.

“ಲೋಕಯ್ಯಣ್ಣ, ಆದಿತ್ಯವಾರ ಗ್ರಾಮಸಭೆ ಉಂಟು. ನಾನು ಕೋರೆಯ ವಿಷಯ ಎತ್ತುತ್ತೇನೆ. ನೀವೂ ಬನ್ನಿ.”

“ದೊಡ್ಡವರ ಉಸಾಬರಿ ನಮಗೆ ಎಂತಕ್ಕೆ ಮಾರಾಯ್ತಿ? ಮಳೆ ಕಮ್ಮಿ, ಅದಕ್ಕೆ ನೀರಿಲ್ಲ. ಅಷ್ಟೆ.”

“ಕಳೆದ ಮಳೆಗಾಲದಲ್ಲಿ ಮಳೆ ಬಂದಿದೆ ಅಣ್ಣ. ಆದ್ರೆ ಈಗ ಮೊದಲಿನ ಹಾಗೆ ಜಿಟಿಜಿಟಿ ಹಿಡಿಯುವುದಿಲ್ಲ. ಒಮ್ಮೆಲೇ ಸುರಿದು ಹರಿದು ಹೋಗ್ತದೆ. ಸೆಕೆಯೂ ಜಾಸ್ತಿ. ಇಂಥ ಕಾಲದಲ್ಲಿ ನಮಗೆ ನೀರು ಹಿಡಿದಿಡುವುದು ಈ ಗುಡ್ಡ. ಅದನ್ನೇ ಒಡೆದರೆ ನಾವು ಎಂತ ಕುಡಿಯುವುದು?”

ಲೋಕಯ್ಯ ಕೊಡ ಎತ್ತಿಕೊಂಡು ಒಳಗೆ ಹೋದ.

ಕಿನ್ನಿ ಊರವರನ್ನೆಲ್ಲ ಸಭೆಗೆ ಕರೆದ ಸುದ್ದಿ ಕೋರೆಗೂ ಮುಟ್ಟಿತು. ಮರುದಿನ ಬೆಳಿಗ್ಗೆ ಕೋರೆಯ ಕಡೆಯ ಇಬ್ಬರು ಜೀಪಿನಲ್ಲಿ ಬಂದು ಕಿನ್ನಿಯ ಅಂಗಳದಲ್ಲಿ ನಿಂತರು.

“ಸಭೆಯಲ್ಲಿ ಬಾಯಿ ಬಿಟ್ರೆ ಜಾಗ್ರತೆ. ನಿನ್ನ ಮಗಳು ಕಾಲೇಜಿಗೆ ಹೋಗುವ ದಾರಿ ನಮಗೆ ಗೊತ್ತುಂಟು.”

ಬೇಲಿಯಾಚೆ ನಿಂತಿದ್ದ ಲೋಕಯ್ಯ ಎಲ್ಲವನ್ನೂ ನೋಡಿದ, ಕೇಳಿಸಿಕೊಂಡ. ಬೇಲಿ ದಾಟಿ ಬರಲಿಲ್ಲ.

“ಕುಡಿಯುವ ನೀರು ನನ್ನ ಹಕ್ಕು. ಕೇಳಿಯೇ ಕೇಳ್ತೇನೆ,” ಎಂದಳು ಕಿನ್ನಿ. ಜೀಪು ಮರೆಯಾದ ಮೇಲೆ ಜಗಲಿಯಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಮುಖ ತೊಳೆದು, ಬಸ್ಸು ಹತ್ತಿ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟಳು.

“ಅವಳು ಕೇಳುವುದು ನಮ್ಮ ಕೊಡದ ನೀರನ್ನೂ ಅಲ್ವಾ?” ಎಂದಳು ಲೋಕಯ್ಯನ ಹೆಂಡತಿ ದೇವಕಿ. “ಅವಳನ್ನು ಒಬ್ಬಳೇ ಬಿಡುವುದಾ?”

ಆದಿತ್ಯವಾರ ಲೋಕಯ್ಯ ದೇವಕಿಯ ಜೊತೆ ಸಭೆಗೆ ಹೋಗಿ ಒಂದು ಮೂಲೆಯಲ್ಲಿ ಕೂತ.

ಗ್ರಾಮಸಭೆಯಲ್ಲಿ ಕಿನ್ನಿ ಎದ್ದು ನಿಂತಳು. “ಕೂತ್ಕೊಳ್ಳಿ, ಕೂತ್ಕೊಳ್ಳಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಮಾತು ನಿಲ್ಲಿಸಲಿಲ್ಲ. ಬಿರುಕುಬಿಟ್ಟ ಗೋಡೆ, ಕೆಂಪಾದ ನೀರು, ಧೂಳಿಗೆ ಕೆಮ್ಮುವ ಮಕ್ಕಳು, ಒಂದನ್ನೂ ಬಿಡದೆ ಹೇಳಿದಳು. ಕೂಗು ಜೋರಾಯಿತು. ಆಗ ಲೋಕಯ್ಯ ಎದ್ದ. ಜೀವಮಾನದಲ್ಲಿ ಸಭೆಯೆದುರು ಬಾಯಿ ತೆರೆದವನಲ್ಲ.

“ಅವಳು ಹೇಳಿ ಮುಗಿಸಲಿ! ಇವಳಿಗೆ ಬೆದರಿಕೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೇನೆ.”

ದೇವಕಿ ಎದ್ದಳು. ಆಮೇಲೆ ಸಾಲು ಸಾಲೇ ಎದ್ದು ನಿಂತಿತು. ಕೋರೆಯ ತನಿಖೆಯಾಗಬೇಕೆಂದು ಸಭೆ ತೀರ್ಮಾನಿಸಿತು.

ಅಧಿಕಾರಿಗಳು ಬಂದರು, ಅಳೆದರು. ಅನುಮತಿ ಮೀರಿ ಗುಡ್ಡ ಒಡೆದದ್ದು ಕಂಡಿತು, ಕೋರೆ ನಿಂತಿತು. ಬೆದರಿಸಿದವರ ಮೇಲೆ ಕೇಸಾಯಿತು. ಸುರಂಗದ ನೀರು ಇನ್ನೂ ಮೊದಲಿನಷ್ಟಿಲ್ಲ, ಆದರೆ ತಿಳಿಯಾಗಿದೆ. ಮಳೆಗೆ ಮುಂಚೆ ಊರವರೆಲ್ಲ ಸೇರಿ ಗುಡ್ಡದಲ್ಲಿ ಇಂಗುಗುಂಡಿ ತೋಡಿದರು. ಮೊದಲ ಹಾರೆ ಹಿಡಿದವನು ಲೋಕಯ್ಯ.

ಅಕ್ಕಂದಿರೇ, ಅಣ್ಣಂದಿರೇ, ಶುದ್ಧ ನೀರು, ಶುದ್ಧ ಗಾಳಿ ನಮ್ಮ ಬದುಕುವ ಹಕ್ಕಿನಲ್ಲೇ ಸೇರಿವೆ. ಗ್ರಾಮಸಭೆಗೆ ಹೋಗಿ, ನಿಮ್ಮ ಭಾಷೆಯಲ್ಲೇ ಕೇಳಿ. ಬೆದರಿಕೆ ಬಂದರೆ ಮುಚ್ಚಿಡಬೇಡಿ, ಪೊಲೀಸರಿಗೆ ದೂರು ಕೊಡಿ; ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತ ಕಾನೂನು ನೆರವು ಉಂಟು. ನಿಮ್ಮೂರಿನಲ್ಲೂ ಒಬ್ಬಳು ಕಿನ್ನಿ ಎದ್ದು ನಿಂತಾಳು. ಆಗ ನೀವು ಕೂತಿರಬೇಡಿ.