ಮಷೀನಿಗೆ ಕಲಿಸಿದವಳು

ತಾಯಿಯ ಶವಪೆಟ್ಟಿಗೆಯ ಮೇಲೆ ವಿಭೂತಿ ಉದುರಿಸುತ್ತಿದ್ದ ಭಾವನಾ ಥಟ್ಟನೆ ಕೈ ನಿಲ್ಲಿಸಿದಳು. ಇಂಗ್ಲೆಂಡಿನ ಲೆಸ್ಟರ್‌ನ ಆ ಸ್ಮಶಾನದ ಹಾದಿಯಲ್ಲಿ ಕಿಶೋರ್ ಬರುತ್ತಿದ್ದ. ಬಂದ ನೋಡಿ, ದೊಡ್ಡ ಮನುಷ್ಯ! ಕೈಯಲ್ಲಿ ಬಿಳಿ ಹೂಗುಚ್ಛ, ಮುಖದಲ್ಲಿ ಎಷ್ಟು ಬೇಕೋ ಅಷ್ಟು ದುಃಖ. ಭಾವನಾಳ ತಾಯಿ ಶಿವಗಂಗಾ ವರ್ಷಾನುಗಟ್ಟಲೆ ಕೀಬೋರ್ಡ್ ಕುಟ್ಟಿದ್ದು ಇವನ ಡೇಟಾ ಎಂಟ್ರಿ ಆಫೀಸಿನಲ್ಲೇ.

"ಇವಗ ಯಾರು ಹೇಳಿದ್ರು?" ಎಂದ ಶಿವಗಂಗಾಳ ಗಂಡ ಸಿದ್ದರಾಮಪ್ಪ. ಬೆಳಗಿನಿಂದ ಅವನಿಗೆ ಎಲ್ಲರ ಮೇಲೂ ಸಿಟ್ಟು. ಲಿಂಗಾಯತರ ಪದ್ಧತಿಯಂತೆ ಹೆಂಡತಿಯನ್ನು ಕೂರಿಸಿ ಮಣ್ಣು ಮಾಡಬೇಕೆಂದು ಎಷ್ಟು ಹೇಳಿದರೂ ಶವಪೆಟ್ಟಿಗೆ ಕಂಪನಿಯವರು ಮಲಗಿಸಿಯೇ ತಂದಿದ್ದರು. "ಮಂದಿ ಕೆಲಸಕ್ಕ ಜೀವನಪೂರ್ತಿ ಕುಂತಾಕಿ. ಅಕಿ ಪಾಲಿಗೆ ಒಂದ ಸಲ ಕುಂದ್ರಾಕ ಬಿಡಲಿಲ್ಲ ನೋಡು!"

ದೂರದಲ್ಲಿ, ಮರದ ಕೆಳಗೆ, ಅವಳ ಜೊತೆ ಕೆಲಸ ಮಾಡಿದ್ದ ಹೆಂಗಸರು ನಿಂತಿದ್ದರು. ಎಲ್ಲರಿಗಿಂತ ಮುಂದೆ ನೀಲಮ್ಮ. ಒಂದು ವರ್ಷದಿಂದ ಶಿವಗಂಗಾಳ ಜೊತೆ ಮಾತು ಬಿಟ್ಟವಳು. ಸಾವಿನ ಸುದ್ದಿ ಕೇಳಿ ಬಂದಿದ್ದಳು, ಹತ್ತಿರ ಬಂದಿರಲಿಲ್ಲ. ಅಮ್ಮನನ್ನು ದ್ರೋಹಿ ಎಂದುಕೊಂಡೇ ಇವರೆಲ್ಲ ಮಣ್ಣಿಗೆ ಕಳಿಸುತ್ತಾರಲ್ಲ ಎಂದು ಭಾವನಾ ಅವರತ್ತಲೇ ನೋಡುತ್ತಿದ್ದಳು.

*

ಜಿ.ಪಿ. ಡಾಕ್ಟರುಗಳಿಂದ ಬರುವ ಕೈಬರಹದ ಫಾರ್ಮುಗಳನ್ನು ಓದಿ ಟೈಪ್ ಮಾಡುವುದು ಆ ಹೆಂಗಸರ ಕೆಲಸ. ಅದನ್ನೇ ಮಾಡುವ ಸಾಫ್ಟ್‌ವೇರ್ ತಂದ ದಿನ ಕಿಶೋರ್ ಶಿವಗಂಗಾಳನ್ನು ತನ್ನ ಕೋಣೆಗೆ ಕರೆದಿದ್ದ.

"ಇದು ತುಂಬಾ ತಪ್ಪು ಓದುತ್ತೆ. ನೀವು ತಿದ್ದಿ ತಿದ್ದಿ ಕಲಿಸಿ. ಯಾರ ಕೆಲಸಾನೂ ಹೋಗಲ್ಲ, ನನ್ನ ಮಾತು."

"ನೀಲಮ್ಮಂದೂ?"

"ಎಲ್ಲರದ್ದೂ, ಅಕ್ಕ."

ಅಕ್ಕ ಅಂದನಲ್ಲ, ನಂಬಿದಳು. ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸಿದಂತೆ ಆ ಮಷೀನಿಗೆ ಕಲಿಸಿದಳು. ಅದು ಕಲಿಯಿತು. ಕಲಿತ ವಾರವೇ ಕಿಶೋರ್ ಎಲ್ಲರನ್ನೂ ಮನೆಗೆ ಕಳಿಸಿದ, ಅವಳನ್ನೂ.

"ನಮ್ಮ ಹೊಟ್ಟಿ ಮ್ಯಾಲೆ ಹೊಡದಿ," ಎಂದಿದ್ದಳು ನೀಲಮ್ಮ.

"ಅಂವಾ ಮಾತು ಕೊಟ್ಟಿದ್ದ, ನೀಲಾ."

"ಸುಳ್ಳು ಹೇಳಬ್ಯಾಡ!" ಎಂದು ನೀಲಮ್ಮ ಬಾಗಿಲು ಹಾಕಿಕೊಂಡಳು.

ಆಮೇಲೆ ಕೆಲಸದ ಏಜೆನ್ಸಿಗಳಲ್ಲಿ ಇಬ್ಬರೂ ಎದುರುಬದುರು ಕೂತದ್ದುಂಟು, ಮಾತಿಲ್ಲದೆ. ಐವತ್ತು ದಾಟಿದ, ಟೈಪಿಂಗ್ ಒಂದೇ ಬಲ್ಲ ಹೆಂಗಸರಿಗೆ ಅಲ್ಲಿ ಚಹಾ ಬೇಕಾ ಎಂದು ಕೂಡ ಯಾರೂ ಕೇಳಲಿಲ್ಲ. ಶಿವಗಂಗಾ ಕೆಲಸ ಹುಡುಕುತ್ತಲೇ ಹಾಸಿಗೆ ಹಿಡಿದಳು.

*

ಪೆಟ್ಟಿಗೆ ಗುಂಡಿಗೆ ಇಳಿಯಿತು. ಕಿಶೋರ್ ಕನ್ನಡ ಸಂಘದಲ್ಲಿ ಮೈಕು ಬಿಡದವನು. ಯಾರೂ ಕೇಳದೆಯೇ ಶುರುಮಾಡಿದ.

"ಶಿವಗಂಗಕ್ಕ ನಮ್ಮ ಫ್ಯಾಮಿಲಿ ಇದ್ದಂಗೆ. ಅಂಥ ಲಾಯಲ್ ಸ್ಟಾಫ್..."

"ಅಂಕಲ್," ಭಾವನಾ ನಡುವೆಯೇ ತಡೆದಳು. "ಅಮ್ಮಂಗೆ ಏನು ಪ್ರಾಮಿಸ್ ಮಾಡಿದ್ರಿ? ಇವರ ಮುಂದೆ ಹೇಳಿ."

"ಇಂಥ ಟೈಮಲ್ಲಿ ಅದೆಲ್ಲ ಯಾಕಮ್ಮ?"

"ಇನ್ಯಾವ ಟೈಮಲ್ಲಿ? ಹೇಳಿ! ನೀಲಾ ಆಂಟಿ ಕೇಳ್ತಿದ್ದಾರೆ."

ಮರದ ಕೆಳಗಿನ ಹೆಂಗಸರು ಹತ್ತಿರ ಬಂದಿದ್ದರು. ಕಿಶೋರ್ ಟೈ ಸಡಿಲಿಸಿಕೊಂಡ.

"ಸರಿ, ಯಾರ ಕೆಲಸಾನೂ ಹೋಗಲ್ಲ ಅಂದಿದ್ದೆ. ನೀಲಮ್ಮಂದೂ ಉಳೀಬೇಕು ಅಂತ ಅವರೇ ಕೇಳಿದ್ರು. ಹಾಗನ್ನದೆ ಇದ್ದಿದ್ರೆ ಕಲಿಸ್ತಿದ್ರಾ? ಬಿಸಿನೆಸ್ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ."

"ಥೂ!" ಎಂದಳು ನೀಲಮ್ಮ. ಗುಂಡಿಯ ಅಂಚಿಗೆ ಬಂದು ಕುಸಿದಳು. "ಗಂಗಕ್ಕಾ, ನಿನ್ನ ಮಾರಿ ಮ್ಯಾಲೆ ಬಾಗಲಾ ಹಾಕಿದ್ನಲ್ಲವ್ವಾ! ನನ್ನ ಬಾಯಾಗ ಹುಳಾ ಬೀಳಲಿ!"

ಭಾವನಾ ಅವಳ ಹೆಗಲು ಹಿಡಿದು ಎಬ್ಬಿಸಿದಳು. ಇಬ್ಬರೂ ಅಳುತ್ತಿದ್ದರು.

ಸಿದ್ದರಾಮಪ್ಪ ಮೊದಲು ಮಣ್ಣು ಕೊಟ್ಟ. ಆಮೇಲೆ ಭಾವನಾ, ನೀಲಮ್ಮ, ಒಬ್ಬೊಬ್ಬರಾಗಿ ಉಳಿದ ಹೆಂಗಸರು. ಕೊಟ್ಟವರು ಯಾರೂ ಗುಂಡಿಯ ಅಂಚಿನಿಂದ ಹಿಂದೆ ಸರಿಯಲಿಲ್ಲ. ಕಿಶೋರ್ ಕೂಡ ಬಗ್ಗಿ ಒಂದು ಹಿಡಿ ಎತ್ತಿಕೊಂಡು ನೀಲಮ್ಮನ ಬೆನ್ನ ಹಿಂದೆ ನಿಂತ. ಅವಳು ಜಾಗ ಬಿಡಲಿಲ್ಲ. ಸುತ್ತಿ ಆ ಬದಿಗೆ ಹೋದ. ಅಲ್ಲಿ ಭಾವನಾ ಪಕ್ಕದವಳ ಹೆಗಲಿಗೆ ಹೆಗಲು ಹಚ್ಚಿ ಸಂದು ಮುಚ್ಚಿದಳು.

"ಎಕ್ಸ್‌ಕ್ಯೂಸ್ ಮಿ," ಎಂದ ಕಿಶೋರ್.

ಒಂದು ತಲೆಯೂ ತಿರುಗಲಿಲ್ಲ. ಎತ್ತಿ ಹಿಡಿದ ಮುಷ್ಟಿಯಿಂದ ಹಸಿ ಮಣ್ಣು ಜಾರಿ ಅವನ ಬಿಳಿ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು.