ಎ ಅಂದರೆ ಅಲ್ಲ

ಗುರು ಹಳೆ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿ ಸ್ವಿಚ್ ಒತ್ತಿದ. ಒಳಗೆ ಬರುತ್ತಿದ್ದ ಅವನ ಹೆಂಡತಿ ಮಂಜುಶ್ರೀ ಅದನ್ನು ನೋಡಿ ಬಾಗಿಲಲ್ಲೇ ನಿಂತಳು.

ಕಾಗದನಗರದ ಆ ಕ್ವಾರ್ಟರ್ಸಿನ ಹಾಲಿನಲ್ಲಿ ಎಲ್ಲರೂ ಷಣ್ಮುಖಪ್ಪನವರನ್ನು ಮಣ್ಣು ಮಾಡಿ ಬಂದು, ಕಾಲು ತೊಳೆದು, ದೀಪ ನೋಡಿ ಕೂತಿದ್ದರು. ದೀಪದ ಹಿಂದೆ ಇಡಲು ಒಂದು ಫೋಟೊ ಇರಲಿಲ್ಲ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಊರಿನವರ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿಕೊಟ್ಟವರು ತಮ್ಮದನ್ನು ಎಲ್ಲೂ ಇಟ್ಟಿರಲಿಲ್ಲ.

"ಅದ್ರಲ್ಲಾದ್ರೂ ಒಂದು ಸಿಗತ್ತೇನೋ?" ಎಂದರು ನಂಜಮ್ಮ. ಅವರು ಹೋದವರ ತಂಗಿ, ಗುರುವಿನ ತಾಯಿ.

"ನೋಡ್ತೀನಮ್ಮ. ಮಾವ ಇಷ್ಟು ವರ್ಷ ಇದ್ರಲ್ಲಿ ಏನ್ ನೋಡ್ತಿದ್ರು ಅನ್ನೋದೂ ಗೊತ್ತಾಗತ್ತೆ."

"ಬೇಡ ಬಿಡಿ," ಎಂದಳು ಮಂಜುಶ್ರೀ. "ಹೋದವರದ್ದು ಯಾಕೆ ಕೆದಕೋದು."

"ನೋಡ್ಲಿ ಬಿಡು ಮಾರಾಯ್ತಿ. ನಮ್ಮಣ್ಣನದು ಮುಚ್ಚಿಡೋವಂಥದ್ದು ಏನಿದೆ?"

ಅಣ್ಣನದು ಏನೂ ಇರಲಿಲ್ಲ. ಇದ್ದರೆ ಸೊಸೆಯದೇ ಇತ್ತು.

*

ಅವಳ ಮದುವೆಗೆ ಮೊದಲು ಇದೇ ಹಾಲ್ ಷಣ್ಮುಖಪ್ಪನವರ ಬ್ರೌಸಿಂಗ್ ಸೆಂಟರ್ ಆಗಿತ್ತು. ಮೂಲೆಯ ಈ ಮಿಷನ್‌ನಲ್ಲಿ ಚಿತ್ರ ಬರುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಯಾರ ಹತ್ತಿರವೂ ಕೇಳಲಾಗದ್ದನ್ನು ಹುಡುಕಲು ಬಂದವರನ್ನು ಷಣ್ಮುಖಪ್ಪ ಇಲ್ಲಿ ಕೂರಿಸುತ್ತಿದ್ದರು. ಮಂಜುಶ್ರೀ ಬಂದದ್ದು ತನ್ನ ಫಿಟ್ಸ್ ಕಾಯಿಲೆಯ ಬಗ್ಗೆ ಓದಲು. ಈ ವಿಷಯದಲ್ಲಿ ಬಾಯಿ ಬಿಡಬಾರದೆಂದು ಅವಳ ಅಮ್ಮ ಆಣೆ ಹಾಕಿಸಿದ್ದಳು.

ಅದೇ ಕಾಯಿಲೆಯವರು ಕಷ್ಟಸುಖ ಬರೆದುಕೊಳ್ಳುವ ಒಂದು ತಾಣ ಸಿಕ್ಕಿತು. ಅವಳು ಸ್ವಂತ ಹೆಸರಲ್ಲೇ ಸೇರಿದಳು. ತಕ್ಷಣ ಪರದೆ ತಡೆದು ಕೇಳಿತು: ಈ ತಾಣ ಒಂದು ಕುಕಿ ಇಡುತ್ತದಂತೆ, ಬಿಡಲೇ? ಉತ್ತರಕ್ಕೆ ಒತ್ತಬೇಕಾದ ಅಕ್ಷರಗಳಷ್ಟೇ ಪಕ್ಕದಲ್ಲಿ: ವೈ, ಎನ್, ಎ, ವಿ.

"ಕುಕಿ ಅಂದ್ರೆ ಗುರುತಿನ ಚೀಟಿ ಇದ್ದಂಗೆ ತಾಯಿ," ಎಂದರು ಷಣ್ಮುಖಪ್ಪ. "ನೀನು ಬಂದು ಹೋಗಿದ್ದಕ್ಕೆ ಗುರುತು. ಬೇರೆಯವು ಕೇಳದೇ ಇಟ್ಕೊಳ್ತವೆ, ಇದು ಪ್ರತಿ ಸಲ ಕೇಳತ್ತೆ."

ಗಾಬರಿಯಲ್ಲಿ ಅವಳು ಎ ಒತ್ತಿದಳು. ಎ ಅಂದರೆ 'ಅಲ್ಲ' ಎಂದುಕೊಂಡೆ ಎಂದಳು.

"ಅಯ್ಯೋ, ಎ ಅಂದ್ರೆ ಅಲ್ಲ ಅಲ್ಲ ಮಾರಾಯ್ತಿ, ಆಲ್ವೇಸ್. ಯಾವಾಗ್ಲೂ ಇಟ್ಕೋ ಅಂದಂಗಾಯ್ತು." ಅವಳ ಕಣ್ಣು ತುಂಬಿದ್ದು ಕಂಡು ಅವರು ನಗು ನಿಲ್ಲಿಸಿದರು. ಮೇಜಿನ ಮೇಲಿದ್ದ ಬಿಸ್ಕತ್ ಡಬ್ಬಿ ಮುಂದೆ ಹಿಡಿದರು. "ತಗೋ, ನಮಗೆ ಕುಕಿ ಅಂದ್ರೆ ಇದೇ. ಅದನ್ನ ನಾನು ಅಳಿಸ್ತೀನಿ." ಅಷ್ಟರಲ್ಲಿ ಕರೆಂಟ್ ಹೋಯಿತು. ಅಳಿಸಿದ್ದನ್ನು ಅವಳು ಕಣ್ಣಾರೆ ನೋಡಲಿಲ್ಲ.

ಮುಂದೆ ಶಿವಮೊಗ್ಗದ ವಿದ್ಯಾನಗರದಿಂದ ಸಂಬಂಧ ಬಂತು. ಹುಡುಗನ ಸೋದರಮಾವನಾಗಿ ಹೆಣ್ಣು ನೋಡಲು ಬಂದವರು ಇದೇ ಷಣ್ಮುಖಪ್ಪ. ಕಾಫಿ ತಟ್ಟೆ ಹಿಡಿದು ಬಂದ ಅವಳು ತಲೆ ಎತ್ತಲಿಲ್ಲ. ಅವರು ಮೊದಲ ಸಲ ನೋಡುವವರ ಹಾಗೆ ಹೆಸರು ಕೇಳಿದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಅವಳ ಮದುವೆಗೆ ಒಬ್ಬರ ಮೌನವೇ ಸಾಕಾಯಿತು. ಹಿತ್ತಲಲ್ಲಿ ಅವಳೊಬ್ಬಳೇ ಇದ್ದಾಗ ಒಂದೇ ಒಂದು ಸಲ ಹೇಳಿದರು: "ಗುರು ಒಳ್ಳೇ ಹುಡುಗ, ಹೇಳಿದ್ರೆ ಅರ್ಥ ಮಾಡ್ಕೊಳ್ತಾನೆ. ಆದ್ರೆ ಹೇಳ್ಬೇಕಾದವಳು ನೀನು, ನಾನಲ್ಲ."

ಅವಳು ಹೇಳಲಿಲ್ಲ, ಅವರು ಮತ್ತೆ ಒತ್ತಾಯಿಸಲಿಲ್ಲ. ಹಬ್ಬವಿರಲಿ, ಮದುವೆಯಿರಲಿ, ದೀಪ ಹಚ್ಚುವ ಹೊತ್ತಿಗೆ ಎಲ್ಲರೆದುರೇ ಕೇಳುತ್ತಿದ್ದರು: "ಬಿಸ್ಕತ್ ತಿಂದ್ಯಾ ತಾಯಿ?" ಮಾತ್ರೆ ನುಂಗಿದೆಯಾ ಎಂದು ಅದರ ಅರ್ಥ. ಮನೆಯವರು ಇವಳಿಗೆ ಬಿಸ್ಕತ್ತಿನ ಹುಚ್ಚು ಎಂದು ಛೇಡಿಸುತ್ತಿದ್ದರು.

*

"ಫೋಟೊ ಒಂದೂ ಇಲ್ಲ," ಎಂದ ಗುರು, ಫೈಲುಗಳ ಹೆಸರನ್ನೆಲ್ಲ ಓದಿ ಮುಗಿಸಿ. ಬ್ರೌಸರ್ ತೆರೆದು, ಉಳಿದ ಕುಕಿಗಳನ್ನು ನೋಡಲು ಮಾವ ಮಿಷನ್ ಮುಚ್ಚುವ ಮೊದಲು ಯಾವಾಗಲೂ ಒತ್ತುತ್ತಿದ್ದ ಕೀಗಳನ್ನು ನೆನಪಿಸಿಕೊಂಡು ಒತ್ತಿದ. ಮಂಜುಶ್ರೀ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದೇ ಸಾಲು ಬಂತು.

ಗುರು ಓದಿ ಮೆಲ್ಲಗೆ ನಕ್ಕ. "ಕುಕಿ ಡಬ್ಬಿ ಖಾಲಿಯಿದೆ ಅಂತೆ. ಊರಿಗೆ ಊರೇ ಇಲ್ಲಿ ಕೂತು ಹೋಗಿದೆ, ಒಬ್ಬರ ಗುರುತೂ ಇಟ್ಟಿಲ್ಲ ಪುಣ್ಯಾತ್ಮ."

ಬದುಕಿದೆ ಎಂದುಕೊಂಡಳು ಮಂಜುಶ್ರೀ. ಆದರೆ ಆ ಸಮಾಧಾನ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೊರಗೆ ಕತ್ತಲಾಗುತ್ತಿತ್ತು. ಇನ್ನು ತಾನು ಎಲ್ಲಾದರೂ ಬಿದ್ದರೆ, ಯಾಕೆ ಬಿದ್ದಳೆಂದು ತಿಳಿದವರು ಈ ಕುಟುಂಬದಲ್ಲಿ ಒಬ್ಬರೂ ಉಳಿದಿರಲಿಲ್ಲ. ಇಡೀ ದಿನ ತಡೆದಿದ್ದ ಅಳು ಆಗ ಬಂತು.

ಪಕ್ಕದ ಮನೆಯ ತನುಜಾ ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟಳು. ನಂಜಮ್ಮ ಸೊಸೆಗೊಂದು ಲೋಟ ಕೊಡುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇನ್ಯಾರು ಕೇಳ್ತಾರೆ ನಿನ್ನ, ಬಿಸ್ಕತ್ ತಿಂದ್ಯಾ ಅಂತ?"

"ಇವತ್ತು ಇನ್ನೂ ತಿಂದಿಲ್ಲ ಅತ್ತೆ."

ಮಂಜುಶ್ರೀ ಕಾಫಿ ಕೆಳಗಿಟ್ಟು ಪರ್ಸ್ ತೆರೆದಳು. ಯಾವತ್ತಿನಂತೆ ಗೋಡೆಯ ಕಡೆ ತಿರುಗಲಿಲ್ಲ. ಮಾತ್ರೆ ಬಿಡಿಸಿ ಅಂಗೈ ಮೇಲೆ ಹಾಕಿಕೊಂಡು ಗುರುವಿನ ಮುಂದೆ ಹಿಡಿದಳು.

"ಮಾವ ಕೇಳ್ತಿದ್ದಿದ್ದು ಈ ಬಿಸ್ಕತ್ತು."

ಗುರು ಮಾತ್ರೆಯನ್ನು ನೋಡಿದ, ಅವಳ ಮುಖವನ್ನು ನೋಡಿದ. ಅವಳು ಕೈ ಹಿಂದೆ ತೆಗೆಯಲಿಲ್ಲ.